ಬೇಡ್ತಿಯ ಪಾತ್ರವೂ ಮನೆಯ ಮೀನುತೊಟ್ಟಿಯೂ

ಗಾಜಿನ ತೊಟ್ಟಿಯೊಂದನ್ನು ಮನೆಯಲ್ಲಿರಿಸಿ, ಅದರಲ್ಲಿ ಹಲವು ಜಾತಿಯ ಮೀನುಗಳನ್ನು ಒಟ್ಟಿಗೆ ಸಾಕಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಮೀನನ್ನು ಕೊಳ್ಳುತ್ತಾರೆ. ಆಮೇಲೆ ಅದಕ್ಕೊಂದು ತೊಟ್ಟಿಯನ್ನು ಹುಡುಕುತ್ತಾರೆ. ತೊಟ್ಟಿ ಬರಿದಾಗಿ ಕಂಡಿತೆಂದು ಬಣ್ಣದ ಕಲ್ಲು, ಕಡಲ ಚಿಪ್ಪು, ಪ್ಲಾಸ್ಟಿಕ್ಕಿನ ಗಿಡಗಳನ್ನು ತುಂಬುತ್ತಾರೆ. ಎಲ್ಲಕ್ಕೂ ಕಡೆಯಲ್ಲಿ, ಮೀನುಗಳು ಒಂದೊಂದಾಗಿ ಸಾಯತೊಡಗಿದಾಗ, ನೀರಿನ ವಿಚಾರವನ್ನು ಕೇಳುತ್ತಾರೆ. ಈ ಕ್ರಮವನ್ನು ಬುಡಮೇಲು ಮಾಡಿಕೊಂಡವರಿಗೆ ಮಾತ್ರ ಮತ್ಸ್ಯಪಾಲನೆಯು ಸಂತೋಷದ ವ್ಯಾಸಂಗವಾಗುತ್ತದೆ. ಮೊದಲು ತನ್ನ ಊರಿನ ನೀರನ್ನು ಅರಿಯಬೇಕು. ಆ ನೀರಿಗೊಪ್ಪುವ ಮೀನು ಯಾವುದೆಂಬುದನ್ನು ಅನಂತರ ನಿಶ್ಚಯಿಸಬೇಕು. ಆ ಮೀನಿನ ಸ್ವಭಾವವೇ ಕಲ್ಲು, ಬೇರು, ಗಿಡಗಳ ವಿನ್ಯಾಸವನ್ನು ನಿರ್ಣಯಿಸಬೇಕು. ಎಷ್ಟು ಮೀನುಗಳೆಂಬ ಪ್ರಶ್ನೆ ಕಟ್ಟಕಡೆಗೆ ಬರತಕ್ಕದ್ದು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯವರಿಗೆ ಈ ಪಾಠವನ್ನು ಹೇಳಿಕೊಡಲು ಹೊಳೆಯೇ ಮನೆಯ ಹಿಂದೆ ಹರಿಯುತ್ತಿದೆ. ಮಾಗೋಡಿನಲ್ಲಿ ಬೇಡ್ತಿಯು ಸುಮಾರು 200 ಮೀಟರುಗಳಷ್ಟು ಆಳಕ್ಕೆ ಎರಡು ಹಂತಗಳಲ್ಲಿ ಧುಮುಕಿ, ಮುಂದೆ ಗಂಗಾವಳಿಯೆಂಬ ಹೆಸರನ್ನು ತಳೆದು ಪಶ್ಚಿಮ ಸಮುದ್ರವನ್ನು ಸೇರುವುದನ್ನು ಎಲ್ಲರೂ ಬಲ್ಲರು. ಆದರೆ ತೊಟ್ಟಿಯನ್ನು ಕಟ್ಟಬಯಸುವವನು ನೋಡಬೇಕಾದುದು ಜಲಪಾತವನ್ನಲ್ಲ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಆ ನದಿಗೆ ಬಂದು ಸೇರುವ ಸಣ್ಣ ಹಳ್ಳಗಳ ದಂಡೆಯಲ್ಲಿ ಅರ್ಧ ಗಳಿಗೆ ಅಲುಗದೆ ಕುಳಿತು, ನೀರಿನೊಳಗೆ ಯಾರು ಎಲ್ಲಿ ವಾಸವಾಗಿದ್ದಾರೆಂಬುದನ್ನು ನೋಡಬೇಕು. ಎರಡು ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವಲ್ಲಿ, ಮೇಲ್ಪದರದಲ್ಲಿ, ತೆಳ್ಳಗಿನ ಮೀನುಗಳು ಪ್ರವಾಹಕ್ಕೆ ಮುಖವಿಟ್ಟು ತೇಲಿಬರುವ ಹುಳುಗಳನ್ನು ಕಾಯುತ್ತಿರುತ್ತವೆ. ಬಂಡೆಯ ಮರೆಯಲ್ಲಿ ನೀರು ಸುತ್ತಿ ನಿಧಾನವಾಗುವಲ್ಲಿ, ನಡುಪದರದಲ್ಲಿ, ಪಟ್ಟೆಯ ಮೀನುಗಳು ಗುಂಪುಗೂಡಿರುತ್ತವೆ. ತಳದ ಜಲ್ಲಿಯ ಸಂದುಗಳಲ್ಲಿ ಮೀಸೆಯುಳ್ಳ ಸಣ್ಣ ಮೀನುಗಳು ಮರಳನ್ನು ಕೆದಕುತ್ತಿರುತ್ತವೆ. ದಂಡೆಯ ಬೇರುಗಳ ನೆರಳಿನಲ್ಲಿ, ಒಣಗಿದ ಎಲೆಗಳ ದರಕು ಬಿದ್ದು ಕಪ್ಪಾದ ನಿಂತ ನೀರಿನಲ್ಲಿ, ತಲೆಯ ಮೇಲೆ ಬೆಳ್ಳಿಯ ಚುಕ್ಕೆಯೊಂದನ್ನು ಹೊತ್ತ ಮೀನು ಒಂಟಿಯಾಗಿ ತೇಲುತ್ತಿರುತ್ತದೆ. ಒಂದೇ ಹಳ್ಳವನ್ನು ಇವು ಪದರ ಪದರವಾಗಿ ಹಂಚಿಕೊಂಡಿರುವುದರಿಂದಲೇ ಅವುಗಳ ಸಹವಾಸ ಸಾಧ್ಯವಾಗಿದೆ. ತೊಟ್ಟಿಯಲ್ಲಿ ನಾವು ಅನುಕರಿಸಬೇಕಾದುದು ಈ ಹಂಚಿಕೆಯನ್ನೇ.

ಅನುಕರಿಸಬೇಕೆಂದೆನೇ ಹೊರತು ಅಪಹರಿಸಬೇಕೆಂದಲ್ಲ. ಬೇಡ್ತಿ, ಶಾಲ್ಮಲಾ, ಅಘನಾಶಿನಿಗಳ ಕಣಿವೆಗಳಲ್ಲಿ ವಿಶಾಲ ಪ್ರದೇಶಗಳು ಇಂದು ಸಂರಕ್ಷಣಾ ಮೀಸಲುಗಳೆಂದು ಘೋಷಿತವಾಗಿವೆ. ಅಲ್ಲಿಂದ ಮೀನನ್ನಾಗಲಿ, ಮರದ ಬೇರನ್ನಾಗಲಿ, ಗಿಡವನ್ನಾಗಲಿ ತರಲಾಗದು. ಹೊಳೆಯಿಂದ ಮನೆಗೆ ತರತಕ್ಕದ್ದು ನೋಟವೊಂದನ್ನೇ. ಉಳಿದುದೆಲ್ಲವನ್ನೂ ಅಂಗಡಿಯಿಂದಲೂ ತನ್ನ ಹಿತ್ತಿಲಿನಿಂದಲೂ ಸಂಪಾದಿಸಿಕೊಳ್ಳಬಹುದು.

ಇನ್ನು ನೀರಿನ ವಿಚಾರ. ನಮ್ಮ ಸೀಮೆಯ ಬಾವಿಯ ನೀರೂ ಗುಡ್ಡದಿಂದ ದೋಣಿಯಲ್ಲಿಯೋ ಕೊಳವೆಯಲ್ಲಿಯೋ ಇಳಿದು ಬರುವ ಅಬ್ಬಿಯ ನೀರೂ ಸಾಮಾನ್ಯವಾಗಿ ಅತ್ಯಂತ ಮೃದುವಾದುವು; ಸುಣ್ಣದ ಅಂಶವಿಲ್ಲದ ಕೆಂಪುಕಲ್ಲಿನ ನೆಲದಲ್ಲಿ ಇಂಗಿಬರುವುದರಿಂದ ಅವುಗಳಲ್ಲಿ ಲವಣಗಳು ಕಡಮೆ, ಆಮ್ಲಗುಣ ತುಸು ಹೆಚ್ಚು. ಈ ಕೆಂಪುಕಲ್ಲಿಗೆ ಲ್ಯಾಟರೈಟ್ ಎಂಬ ಶಾಸ್ತ್ರೀಯ ನಾಮವನ್ನು ಮಲಬಾರಿನ ಅಂಗಡಿಪುರದಲ್ಲಿ ಕಂಡು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಆತನೇ 1801ರಲ್ಲಿ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳ ಮಾರ್ಗವಾಗಿ ಸಂಚರಿಸಿದವನು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ, ಗಂಗಾನದಿಯ ಮೀನುಗಳನ್ನು ಕುರಿತ ಪ್ರಸಿದ್ಧ ಗ್ರಂಥವನ್ನು 1822ರಲ್ಲಿ ಪ್ರಕಟಿಸಿದವನೂ ಆತನೇ. ನಮ್ಮ ತೊಟ್ಟಿಯ ನೆಲಕ್ಕೂ ಮೀನಿಗೂ ಒಬ್ಬನೇ ಪಂಡಿತನ ಸಂಬಂಧವಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಪಿ.ಎಚ್., ಗಡಸುತನ, ಅಮೋನಿಯ, ನೈಟ್ರೈಟ್, ನೈಟ್ರೇಟ್‌ಗಳನ್ನು ಅಳೆಯುವ ದ್ರಾವಣಗಳ ಪೆಟ್ಟಿಗೆಯೊಂದನ್ನು ಮೀನಿಗಿಂತ ಮೊದಲು ಕೊಳ್ಳತಕ್ಕದ್ದು. ಬಾವಿಯಿಂದ ಆಗತಾನೆ ಸೇದಿದ ನೀರಿನಲ್ಲಿ ಇಂಗಾಲಾಮ್ಲವು ಕರಗಿರುವುದರಿಂದ ಅದರ ಪಿ.ಎಚ್. ನಿಜಕ್ಕಿಂತ ಕೆಳಗೆ ತೋರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ಗಾಳಿಯಾಡಿಸಿ ಆಮೇಲೆ ಅಳೆದರೆ ಸರಿಯಾದ ಅಂಕೆ ದೊರೆಯುವುದು. ಮೃದುಜಲವು ನಿಯಾನ್ ಟೆಟ್ರಾ, ಗೌರಾಮಿ ಮೊದಲಾದವುಗಳಿಗೂ ನಮ್ಮ ಘಟ್ಟದ ಮೀನುಗಳಿಗೂ ಹಿತ. ಗಪ್ಪಿ, ಮೋಲಿಗಳಿಗೆ ಅಹಿತ. ಸುಲಭವಾದ ಮೀನೆಂದು ಎಲ್ಲರೂ ಹೊಗಳುವ ಮೋಲಿಯು ಈ ಸೀಮೆಯ ಅಬ್ಬಿಯ ನೀರಿನಲ್ಲಿ ಮೈ ನಡುಗಿಸುತ್ತ ಸೊರಗುವುದಕ್ಕೆ ಕಾರಣವಿದೇ. ಅದೇ ಮೋಲಿ ಬಯಲುಸೀಮೆಯ ಕೊಳವೆಬಾವಿಯ ಗಡಸುನೀರಿನಲ್ಲಿ ಸುಖವಾಗಿ ಮರಿಹಾಕುತ್ತದೆ.

ಮೃದುಜಲಕ್ಕೊಂದು ದೌರ್ಬಲ್ಯವುಂಟು. ತೊಟ್ಟಿಯ ಮಲಿನವನ್ನು ಶೋಧಿಸುವ ಸೂಕ್ಷ್ಮಜೀವಿಗಳು ತಮ್ಮ ಕಾರ್ಯದಲ್ಲಿ ನೀರಿನ ಕ್ಷಾರಾಂಶವನ್ನು ವ್ಯಯಮಾಡುತ್ತವೆ. ಆ ಅಂಶ ಮೊದಲೇ ಅಲ್ಪವಾಗಿರುವ ನೀರಿನಲ್ಲಿ ಅದು ತೀರಿಹೋಗಿ ಪಿ.ಎಚ್. 6ಕ್ಕಿಂತ ಕೆಳಕ್ಕೆ ಕುಸಿದರೆ ಆ ಜೀವಿಗಳೇ ಸ್ತಬ್ಧವಾಗುವುವು. ಇದಕ್ಕೆ ಪರಿಹಾರವೆಂದರೆ, ಚೆನ್ನಾಗಿ ತೊಳೆದು ಕುಟ್ಟಿದ ಕಡಲ ಚಿಪ್ಪನ್ನು ಒಂದು ಹಿಡಿಯಷ್ಟು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನಲ್ಲಿರಿಸಿ, ವಾರಕ್ಕೊಮ್ಮೆ ಅಳೆದು, ಹೆಚ್ಚೆನಿಸಿದರೆ ತೆಗೆಯುವುದು. ಇದೇ ಚಿಪ್ಪನ್ನು ಅಲಂಕಾರವೆಂದು ತೊಟ್ಟಿಯ ತಳದಲ್ಲಿ ರಾಶಿಹಾಕಿದಲ್ಲಿ ನೀರು ಅಳತೆಮೀರಿ ಗಡಸಾಗುವುದು. ಯಾಣದ ಶಿಖರಗಳ ಸುಣ್ಣಕಲ್ಲಿನ ಜಾತಿಗೆ ಸೇರಿದ ಶಿಲೆಗಳಿಗೂ ಇದೇ ಗುಣವಿರುವುದರಿಂದ, ಅಂಗಡಿಯಲ್ಲಿ ಕೊಂಡ ಯಾವ ಕಲ್ಲನ್ನಾದರೂ ಒಣಗಿಸಿ, ಅದರ ಮೇಲೆ ನಾಲ್ಕು ಹನಿ ವಿನೆಗರನ್ನು ಬಿಟ್ಟು ನೋಡಬೇಕು. ನೊರೆಯೆದ್ದರೆ ಅದು ಮೃದುಜಲದ ತೊಟ್ಟಿಗೆ ಸಲ್ಲದು.

ತೊಟ್ಟಿಯ ಅಳತೆಯಲ್ಲಿ ಜಿಪುಣತನ ಬೇಡ. 3 ಅಡಿ ಉದ್ದ, 1½ ಅಡಿ ಅಗಲ, 1½ ಅಡಿ ಎತ್ತರದ ತೊಟ್ಟಿಯು ಲೆಕ್ಕಕ್ಕೆ ಸುಮಾರು 190 ಲೀಟರು ಹಿಡಿಯುವುದಾದರೂ, ಕಲ್ಲು ಮರಳುಗಳು ಆಕ್ರಮಿಸಿದ ಸ್ಥಳವನ್ನೂ ಮೇಲೆ ಬಿಟ್ಟ ಅಂತರವನ್ನೂ ಕಳೆದರೆ 150 ಲೀಟರು ಉಳಿಯುತ್ತದೆ. ಸಮುದಾಯದ ತೊಟ್ಟಿಗೆ ಇದು ಯೋಗ್ಯವಾದ ಆರಂಭ. ಎತ್ತರಕ್ಕಿಂತ ಉದ್ದಗಲಗಳೇ ಮುಖ್ಯ, ಏಕೆಂದರೆ ಹೊಳೆಯ ಮೀನು ಅಡ್ಡಲಾಗಿ ಈಸುತ್ತದೆ, ಗಾಳಿಯೂ ಮೇಲ್ಮೈಯಿಂದಲೇ ನೀರಿಗಿಳಿಯುತ್ತದೆ. ಎಲ್ಲವೂ ಕೂಡಿ ಭಾರವು 200 ಕಿಲೋಗ್ರಾಮನ್ನು ಮೀರುವುದರಿಂದ ಹಳೆಯ ಮನೆಗಳ ಹಲಗೆಯ ಮಹಡಿಯ ಮೇಲೆ ಅದನ್ನೇರಿಸಬಾರದು. ಜಗಲಿಯಲ್ಲಿರಿಸುವುದಾದರೆ ನೇರವಾದ ಬಿಸಿಲು ಬೀಳದ ಗೋಡೆಯ ಮಗ್ಗುಲನ್ನು ಆರಿಸಬೇಕು.

ಈಗ ವಿನ್ಯಾಸ. ಹಳ್ಳದಲ್ಲಿ ಕಲ್ಲುಗಳು ಬಿದ್ದಿರುವುದಕ್ಕೊಂದು ನ್ಯಾಯವಿದೆ. ಪ್ರವಾಹವು ದೊಡ್ಡ ಬಂಡೆಯನ್ನು ಅಲುಗಿಸಲಾರದೆ ಅದರ ಮುಂದಿನ ಮರಳನ್ನು ಕೊರೆದು, ಹಿಂದಿನ ಮರೆಯಲ್ಲಿ ಸಣ್ಣ ಕಲ್ಲನ್ನೂ ಜಲ್ಲಿಯನ್ನೂ ಕೂಡಿಹಾಕುತ್ತದೆ. ತೊಟ್ಟಿಯಲ್ಲಿಯೂ ಫಿಲ್ಟರಿನ ನೀರು ಬೀಳುವ ತುದಿಯನ್ನು ಹೊಳೆಯ ಮೇಲ್ಭಾಗವೆಂದು ಭಾವಿಸಿಕೊಂಡು, ಆ ಕಡೆಗೆ ಮೂರು ದೊಡ್ಡ ಕಲ್ಲುಗಳನ್ನು, ಒಂದೇ ಬಣ್ಣದ, ಒಂದೇ ಜಾತಿಯ, ಆದರೆ ಬೇರೆ ಬೇರೆ ಗಾತ್ರದವನ್ನು, ಒಂದೇ ದಿಕ್ಕಿಗೆ ವಾಲುವಂತೆ ನಿಲ್ಲಿಸಿ, ಅವುಗಳ ಹಿಂದೆ ಮಧ್ಯಮ ಕಲ್ಲು, ಅನಂತರ ಉರುಟು ಜಲ್ಲಿ, ಕೊನೆಯಲ್ಲಿ ನುಣ್ಣನೆಯ ಮರಳು, ಹೀಗೆ ಕ್ರಮವಾಗಿ ಇಳಿಸುತ್ತ ಬಂದರೆ, ನೋಡಿದವರಿಗೆ ಕಾರಣ ತಿಳಿಯದಿದ್ದರೂ ದೃಶ್ಯವು ಸಹಜವೆಂದು ತೋರುವುದು. ದೊಡ್ಡ ಕಲ್ಲನ್ನು ಮರಳಿನ ಮೇಲಲ್ಲ, ತೊಟ್ಟಿಯ ತಳದಲ್ಲಿಯೇ, ತೆಳುವಾದ ಥರ್ಮೊಕೋಲಿನ ಹಾಳೆಯ ಮೇಲೆ ಮೊದಲು ಕೂರಿಸಿ, ಆಮೇಲೆ ಮರಳನ್ನು ಸುರಿಯಬೇಕು. ಇಲ್ಲವಾದರೆ ತಳದ ಮೀನು ಮರಳನ್ನು ಕೆದಕಿದ ದಿನ ಕಲ್ಲು ಉರುಳಿ ಗಾಜು ಒಡೆಯುವುದು. ಮರಳಿನ ದಪ್ಪ ಮುಂದೆ 2 ಅಂಗುಲ, ಹಿಂದೆ 4 ಅಂಗುಲವಿದ್ದರೆ ಆಳದ ಭ್ರಮೆಯೂ ಬರುವುದು, ಗಿಡದ ಬೇರಿಗೂ ಎಡೆ ದೊರೆಯುವುದು. ಮುಂಭಾಗದ ನಡುವೆ ಏನನ್ನೂ ಇಡದೆ ಬಯಲಾಗಿ ಬಿಡಬೇಕು. ಅಲಂಕಾರಪ್ರಿಯರಿಗೆ ಇದಕ್ಕಿಂತ ಕಷ್ಟವಾದ ನಿಯಮವಿಲ್ಲ, ಮೀನಿಗೆ ಇದಕ್ಕಿಂತ ಬೇಕಾದುದೂ ಇಲ್ಲ. ಹಿಂಬದಿಯ ಗಾಜಿಗೆ ಕಪ್ಪು ಬಣ್ಣವನ್ನೋ ಕಾಗದವನ್ನೋ ಹಚ್ಚಿ, ಮರಳಿಗೂ ಮಬ್ಬುಬಣ್ಣದ್ದನ್ನೇ ಆರಿಸಿದರೆ ಮೀನಿನ ಬಣ್ಣ ಗಾಢವಾಗುತ್ತದೆ. ಬಿಳಿಯ ನೆಲದ ಮೇಲೆ ಅದು ಬೆದರಿ ಬಣ್ಣಗೆಡುವುದು.

ಬೇರಿನ ತುಂಡಿಗಾಗಿ ಕಾಡಿಗೆ ಹೋಗಬೇಕಾದುದಿಲ್ಲ. ಹಿತ್ತಿಲಿನಲ್ಲಿ ಸತ್ತು ವರ್ಷಗಟ್ಟಲೆ ಒಣಗಿದ ಪೇರಲೆಯ ಬೇರು ಉತ್ತಮ. ಗೇರಿನಂತೆ ಸುಡುವ ಸೊನೆಯುಳ್ಳ ಮರ ಎಂದಿಗೂ ಬೇಡ. ಹಲವು ಗಂಟೆ ಕುದಿಸಿ, ತಿಂಗಳವರೆಗೆ ನೀರಿನಲ್ಲಿ ಮುಳುಗಿಸಿಟ್ಟರೆ ಅದು ತಾನಾಗಿ ತಳ ಹಿಡಿಯುವುದು. ಅದರಿಂದ ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಗಾಬರಿಪಡಬೇಕಾಗಿಲ್ಲ. ದರಕು ಬಿದ್ದ ಹಳ್ಳದ ನೀರಿಗೂ ಅದೇ ಬಣ್ಣ. ಕಾಡುಬಾದಾಮಿಯ ಅಥವಾ ಹಲಸಿನ ಒಣಗಿ ಬಿದ್ದ ನಾಲ್ಕೆಂಟು ಎಲೆಗಳನ್ನು ಬೇರಿನಡಿಯಲ್ಲಿ ಹರಡಬಹುದು. ತೆಂಗಿನ ಗರಟೆಯನ್ನು ಅರ್ಧಕ್ಕೆ ಸೀಳಿ, ಬಾಯಿಗೊಂದು ಕಿಂಡಿ ಕೊರೆದು, ಕುದಿಸಿ ಕವಚಿಟ್ಟರೆ ತಳದ ಮೀನಿಗೆ ಅದಕ್ಕಿಂತ ಒಳ್ಳೆಯ ಗುಹೆ ಯಾವ ಅಂಗಡಿಯಲ್ಲಿಯೂ ಸಿಕ್ಕದು.

ಅಡಕೆಯ ಸೀಮೆಯವರು ಇಲ್ಲಿ ವಿಶೇಷವಾದ ಎಚ್ಚರವೊಂದನ್ನು ವಹಿಸಬೇಕು. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವು ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಕಳೆದ ಶತಮಾನದ ಆದಿಯಲ್ಲಿ ಪ್ರಚಾರಕ್ಕೆ ತಂದ ಈ ಔಷಧ ಅಡಕೆಯನ್ನುಳಿಸಿದ ಮಹೋಪಕಾರಿಯೇ ಹೌದು. ಆದರೆ ಅದರಲ್ಲಿರುವ ತಾಮ್ರವು ಮೀನಿಗೆ ವಿಷ, ಸಿಗಡಿ ಬಸವನಹುಳುಗಳಿಗಂತೂ ಘೋರ ವಿಷ, ಮೃದುಜಲದಲ್ಲಿ ಆ ವಿಷದ ತೀವ್ರತೆ ಇನ್ನೂ ಹೆಚ್ಚು. ಆದುದರಿಂದ ಮದ್ದು ಹೊಡೆದ ತೋಟದ ಕಲ್ಲು, ಪಾಚಿ, ಎಲೆ, ಕಪ್ಪಿನ (ಬಸಿಗಾಲುವೆಯ) ನೀರು ಇವಾವುವೂ ತೊಟ್ಟಿಯ ಸಮೀಪಕ್ಕೆ ಬರಬಾರದು. ದ್ರಾವಣ ಕಲಸಿದ ಬಕೆಟ್ಟಿನಿಂದ ತೊಟ್ಟಿಗೆ ನೀರು ತುಂಬಬಾರದು. ಮದ್ದಿನ ಕೆಲಸದಿಂದ ಬಂದವರು ಸೋಪಿನಿಂದ ಕೈತೊಳೆದು, ಸೋಪು ಉಳಿಯದಂತೆ ಮತ್ತೆ ಮತ್ತೆ ತೊಳೆದು, ಆಮೇಲೆ ಮೀನಿಗೆ ಆಹಾರ ಹಾಕಬೇಕು.

ಗಿಡಗಳಲ್ಲಿ ಕ್ರಿಪ್ಟೊಕೊರಿನ್, ಲಾಗೆನಾಂಡ್ರ, ರೋಟಾಲ ಎಂಬ ಕುಲಗಳಿಗೆ ನಮ್ಮ ಪಶ್ಚಿಮಘಟ್ಟವೂ ತವರು. ಇವು ನರ್ಸರಿಗಳಲ್ಲಿ ಬೆಳೆದು ಮಾರಾಟಕ್ಕೆ ಬರುತ್ತವೆ. ಕ್ರಿಪ್ಟೊಕೊರಿನ್ ಗಿಡವನ್ನು ನೆಟ್ಟೊಡನೆ ಅದರ ಎಲೆಗಳೆಲ್ಲ ಕರಗಿಹೋಗುವುದುಂಟು; ಸತ್ತಿತೆಂದು ಕೀಳದೆ ಒಂದು ತಿಂಗಳು ಕಾದರೆ ಬೇರಿನಿಂದ ಹೊಸ ಎಲೆ ಒಡೆಯುವುದು. ಹಿಂಬದಿಗೆ ವ್ಯಾಲಿಸ್ನೇರಿಯದ ನೀಳವಾದ ಎಲೆಗಳು ಸಾಕು. ದೀಪವು ದಿನಕ್ಕೆ 6ರಿಂದ 8 ಗಂಟೆಗಿಂತ ಹೆಚ್ಚು ಉರಿಯಬಾರದು.

ಇಷ್ಟೂ ಸಿದ್ಧವಾದಮೇಲೆ ಮೀನಿಲ್ಲದೆ ತಿಂಗಳೊಂದನ್ನು ಕಳೆಯುವ ತಾಳ್ಮೆ ಬೇಕು. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯವನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ಅದನ್ನು ಕಡಮೆ ಹಾನಿಯ ನೈಟ್ರೇಟಾಗಿಯೂ ಪರಿವರ್ತಿಸುತ್ತವೆ. ಇವು ಫಿಲ್ಟರಿನಲ್ಲಿ ನೆಲೆಗೊಳ್ಳಲು 4ರಿಂದ 6 ವಾರ ಹಿಡಿಯುವುದು. ಆ ಅವಧಿಯಲ್ಲಿ ದಿನವೂ ಚಿಟಿಕೆ ಮೀನಿನ ಆಹಾರವನ್ನು ಹಾಕಿ ಕೊಳೆಯಿಸುತ್ತ, ಅಮೋನಿಯವೂ ನೈಟ್ರೈಟೂ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡಾಗ ತೊಟ್ಟಿ ಮೀನಿಗೆ ಅರ್ಹವಾಯಿತೆಂದು ತಿಳಿಯಬೇಕು.

ಮೇಲ್ಪದರಕ್ಕೆ, ಪ್ರವಾಹಪ್ರಿಯವಾದ ಮಲಬಾರ್ ಡ್ಯಾನಿಯೊ ಆರು. ಇದು 10 ಸೆಂಟಿಮೀಟರಿನವರೆಗೆ ಬೆಳೆಯುವ, ನೀಲಿ ಹಳದಿ ಗೀರುಗಳ ಚುರುಕಾದ ಮೀನು. ನೆಗೆಯುವ ಸ್ವಭಾವದ್ದಾದುದರಿಂದ ತೊಟ್ಟಿಗೆ ಸಂದಿಲ್ಲದ ಮುಚ್ಚಳವಿರಬೇಕು. ಇಷ್ಟು ಚಟುವಟಿಕೆ ಬೇಡವೆನ್ನುವವರು ಇದರ ಬದಲಿಗೆ, ಮೈಯುದ್ದಕ್ಕೂ ಒಂದೇ ಕಪ್ಪುಗೆರೆಯೆಳೆದ ರಾಸ್ಬೊರ ಡ್ಯಾನಿಕೋನಿಯಸನ್ನು ಆರಿಸಬಹುದು. ಹ್ಯಾಮಿಲ್ಟನ್ನನ 1822ರ ಗ್ರಂಥದಲ್ಲಿ ವರ್ಣಿತವಾದ ಮೀನದು. ನಡುಪದರಕ್ಕೆ ಮೆಲನ್ ಬಾರ್ಬ್ ಎಂದು ಅಂಗಡಿಯವರು ಕರೆಯುವ ಹಲುದಾರಿಯ ಫ್ಯಾಸಿಯೇಟ ಎಂಟು. ಪಶ್ಚಿಮಘಟ್ಟದ ಹೊಳೆಗಳ ಈ ಮೀನು 6 ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯದು. ವಯಸ್ಸಿಗೆ ಬಂದ ಗಂಡು, ಕಪ್ಪು ಪಟ್ಟೆಗಳ ನಡುವೆ ಕೆಂಪೇರಿ, ನೆರಳಿನಲ್ಲಿ ನಿಂತಾಗ ನಿಯಾನಿಗಿಂತಲೂ ಮನೋಹರವೆಂಬುದು ನನ್ನ ದೃಢವಾದ ಅಭಿಪ್ರಾಯ. ಹ್ಯಾಮಿಲ್ಟನ್ನನಿಗಾಗಿ ಗಂಗೆಯ ಮೀನುಗಳ ಚಿತ್ರಗಳನ್ನು ಬರೆದ ಹಲುದಾರನೆಂಬ ಬಂಗಾಳಿ ತರುಣನ ಸ್ಮರಣೆಗಾಗಿ 2013ರಲ್ಲಿ ಈ ಕುಲಕ್ಕೆ ಆ ಹೆಸರಾಯಿತು.

ತಳಕ್ಕೆ ಯಾವುದೆಂಬುದು ಕಠಿಣವಾದ ಪ್ರಶ್ನೆ. ಹುಲಿಯಂತೆ ಸೂಕ್ಷ್ಮವಾದ ಪಟ್ಟೆಗಳುಳ್ಳ ಜೀಬ್ರಾ ಲೋಚ್ ನಮ್ಮ ನಾಡಿನದೇ ಮೀನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞರಾಗಿದ್ದ ಸಿ. ಆರ್. ನಾರಾಯಣ ರಾಯರು ಇದನ್ನು ಶಿವಮೊಗ್ಗದ ಸೀಮೆಯ ತುಂಗಾನದಿಯಿಂದ ಪಡೆದು 1920ರಲ್ಲಿ ಲೋಕಕ್ಕೆ ಪರಿಚಯಿಸಿದರು. ಶಾಂತಸ್ವಭಾವದ್ದು, ಐದಾರು ಒಟ್ಟಿಗಿದ್ದರೆ ಒಂದರ ಮೇಲೊಂದು ಒರಗಿ ಮಲಗುವುದು, ಹೆಚ್ಚಿದ ಬಸವನಹುಳುಗಳನ್ನು ತಿಂದು ಹಾಕುವುದು. ಇಷ್ಟೆಲ್ಲ ಗುಣವಿದ್ದರೂ ಅದು ಇಂದು ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಮಿಸ್ ಕೇರಳವೆಂಬ ಹೆಸರಿನಿಂದ ಮಾರಾಟವಾಗುತ್ತಿದ್ದ ಡೆನಿಸನ್ ಬಾರ್ಬಿನ ಗತಿಯೂ ಅದೇ. ಹೊಳೆಗಳಿಂದ ಮಿತಿಮೀರಿ ಹಿಡಿದು ಸಾಗಿಸಿದುದು ಅದರ ಕ್ಷಯಕ್ಕೆ ಕಾರಣಗಳಲ್ಲೊಂದು. ಆದುದರಿಂದ ಜೀಬ್ರಾ ಲೋಚನ್ನು, ಸಾಕಾಣಿಕೆಯಲ್ಲಿ ಹುಟ್ಟಿದ ಮರಿಗಳೆಂದು ವ್ಯಾಪಾರಿ ಖಚಿತವಾಗಿ ಹೇಳಬಲ್ಲನಾದರೆ ಮಾತ್ರ ಕೊಳ್ಳಬೇಕು. ಖಚಿತವಾದ ಉತ್ತರ ದೊರೆಯದಿದ್ದರೆ, ಸಾಕಾಣಿಕೆಯ ಕೋರಿಡೋರಸ್ ಆರನ್ನು ನುಣ್ಣನೆಯ ಮರಳಿನ ಕಡೆಗೆ ಬಿಡುವುದು ನಿರ್ದೋಷವಾದ ಮಾರ್ಗ. ತೊಟ್ಟಿ ಅಚ್ಚ ಘಟ್ಟದ್ದಾಗಲಿಲ್ಲವೆಂಬ ಕೊರತೆಯನ್ನು ಸಹಿಸಿಕೊಳ್ಳಬಹುದು.

ಇಷ್ಟಕ್ಕೇ, ಇಪ್ಪತ್ತರ ಸುತ್ತಲಿನ ಸಂಖ್ಯೆಗೇ, ನಿಲ್ಲಿಸಬೇಕು. ಏಂಜೆಲ್ ಮೀನನ್ನೂ ನಿಯಾನನ್ನೂ ಒಟ್ಟಿಗಿಟ್ಟರೆ ಬೆಳೆದ ಏಂಜೆಲ್ ನಿಯಾನನ್ನು ನುಂಗುವುದು. ಟೈಗರ್ ಬಾರ್ಬ್ ನಿಧಾನಗಾಮಿಗಳ ರೆಕ್ಕೆಯನ್ನು ಕಡಿಯುವುದು. ಗೋಲ್ಡ್‌ಫಿಶ್ ತಂಪುನೀರಿನದು, ಈ ಸಮುದಾಯಕ್ಕೆ ಸಲ್ಲದು. ತೊಟ್ಟಿ ಶುಚಿಮಾಡುವುದೆಂದು ಮಾರುವ ಸಕರ್ ಮೀನು ಒಂದು ಅಡಿಯನ್ನು ಮೀರಿ ಬೆಳೆದು ತಾನೇ ದೊಡ್ಡ ಮಲಿನಕಾರಿಯಾಗುವುದು.

ಹುಬ್ಬಳ್ಳಿಯ ಅಂಗಡಿಯಿಂದ ಮೀನು ತರುವವರು ಅಲ್ಲಿನ ನೀರನ್ನೂ ಇಲ್ಲಿನ ನೀರನ್ನೂ ಅಳೆದು ನೋಡಿದರೆ ಅವುಗಳ ನಡುವಿನ ಅಂತರ ತಿಳಿದುಬರುವುದು. ತಂದ ಚೀಲವನ್ನು ತೊಟ್ಟಿಯಲ್ಲಿ ತೇಲಿಸಿ ಉಷ್ಣತೆಯನ್ನು ಸಮಗೊಳಿಸಿದ ಮಾತ್ರಕ್ಕೆ ಸಾಲದು. ಮೀನನ್ನು ಬಕೆಟ್ಟಿಗೆ ಬಿಟ್ಟು, ಗಂಟುಹಾಕಿದ ಸಣ್ಣ ನಳಿಕೆಯಿಂದ ತೊಟ್ಟಿಯ ನೀರು ಒಂದು ಗಂಟೆಗೂ ಹೆಚ್ಚು ಹನಿಹನಿಯಾಗಿ ಬೀಳುವಂತೆ ಮಾಡಿ, ಆಮೇಲೆ ಬಲೆಯಿಂದೆತ್ತಿ ಬಿಡಬೇಕು. ಚೀಲದ ನೀರನ್ನು ಹೊರಗೆ ಚೆಲ್ಲಬೇಕು. ಮೊದಲು ಡ್ಯಾನಿಯೊ, ಎರಡು ಮೂರು ವಾರಗಳ ಮೇಲೆ ಬಾರ್ಬ್, ಮರಳಿನಲ್ಲಿ ಜೀವ ಹುಟ್ಟಿದ ಎರಡು ತಿಂಗಳ ಮೇಲೆ ತಳದ ಮೀನು. ಪ್ರತಿ ತಂಡವೂ ಬೇರೊಂದು ಚಿಕ್ಕ ತೊಟ್ಟಿಯಲ್ಲಿ ಎರಡು ವಾರ ಕಳೆದು ನಿರೋಗಿಯೆಂದು ತಿಳಿದ ಮೇಲೆಯೇ ಒಳಗೆ ಬರಬೇಕು.

ಆಹಾರದ ವಿವೇಕ ನಮ್ಮವರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದ ಪ್ರಕರಣವು, ಮೀನುಗಳನ್ನು ಜಾತಿಯಾಗಿ ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಪ್ರಿಯವೆಂಬುದನ್ನು ಬಿಡಿಸಿ ಹೇಳುತ್ತದೆ. ತೊಟ್ಟಿಯಲ್ಲಿಯೂ ಮೇಲೆ ತೇಲುವ ಪುಡಿಯೊಂದನ್ನೇ ಹಾಕಿದರೆ ಡ್ಯಾನಿಯೊಗಳು ಕೊಬ್ಬಿ ತಳದ ಮೀನು ಉಪವಾಸ ಬೀಳುವುದು. ದೀಪ ಆರಿದ ಮೇಲೆ ಮುಳುಗುವ ಗುಳಿಗೆಗಳನ್ನು ಬೇರೆಯಾಗಿ ಹಾಕಬೇಕು. ದಿನಕ್ಕೆ ಎರಡು ಸಲ, ಎರಡು ಮೂರು ನಿಮಿಷಗಳಲ್ಲಿ ತೀರುವಷ್ಟೇ.

ಪುಷ್ಯದ ಚಳಿಯಲ್ಲಿ ಘಟ್ಟದ ಮೇಲಿನ ರಾತ್ರಿಗಳು ತುಂಬ ತಣ್ಣಗಾಗುವುದುಂಟು. ಘಟ್ಟದ ಮೀನುಗಳು 20 ಡಿಗ್ರಿಯ ನೀರನ್ನು ತಾಳಿಕೊಂಡಾವು. ಕೋರಿಡೋರಸಿನಂಥ ದಕ್ಷಿಣ ಅಮೆರಿಕದ ಮೀನುಗಳಿಗೆ 150 ವಾಟಿನ ಹೀಟರು ಬೇಕು. ಮಳೆಗಾಲದ ಕಷ್ಟ ಬೇರೆ ಬಗೆಯದು. ಮರ ಬಿದ್ದು ತಂತಿ ಹರಿದು, ವಿದ್ಯುತ್ತು ದಿನಗಟ್ಟಲೆ ಬಾರದಿರುವುದು ಮಾಗೋಡಿನಂಥ ಊರುಗಳಿಗೆ ಅಪರೂಪವಲ್ಲ. ಬ್ಯಾಟರಿಯಿಂದ ನಡೆಯುವ ಸಣ್ಣ ಏರ್ ಪಂಪೊಂದು ಮನೆಯಲ್ಲಿರಬೇಕು. ವಿದ್ಯುತ್ತಿಲ್ಲದ ದಿನ ಮೀನಿಗೆ ಆಹಾರ ಹಾಕಬಾರದು. ಹಲವು ಗಂಟೆ ನಿಂತ ಫಿಲ್ಟರನ್ನು, ಒಳಗಿನ ಕೊಳೆತ ನೀರನ್ನು ಚೆಲ್ಲಿ ತೊಟ್ಟಿಯ ನೀರಿನಲ್ಲಿ ಜಾಲಿಸಿ, ಆಮೇಲೆ ನಡೆಸಬೇಕು. ಮೀನಿನ ಸಂಖ್ಯೆ ಮಿತವಾಗಿರುವ ತೊಟ್ಟಿ ಒಂದು ರಾತ್ರಿಯನ್ನು ದಾಟುವುದು, ಕಿಕ್ಕಿರಿದುದು ದಾಟದು.

ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿ, ತೆಗೆದ ನೀರನ್ನು ಹಿತ್ತಿಲಿನ ಬಸಳೆಗೋ ಹೂವಿನ ಕುಂಡಕ್ಕೋ ಹೊಯ್ಯಬೇಕು. ಹಳ್ಳಕ್ಕೆ ಹೋಗುವ ಕಾಲುವೆಗೆ ಬಿಡಬಾರದು. ಕತ್ತರಿಸಿದ ಗಿಡಗಳನ್ನು ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಹೆಚ್ಚಾದ ಅಥವಾ ಬೇಡವಾದ ಮೀನನ್ನು, ಅದು ಎಷ್ಟೇ ಚಿಕ್ಕದಾಗಿರಲಿ, ಕವಡಿಕೆರೆಯಂಥ ಕೆರೆಗಾಗಲಿ ತೋಟದ ಹೊಂಡಕ್ಕಾಗಲಿ ಬೇಡ್ತಿಗಾಗಲಿ ಬಿಡಲಾಗದು. ಗಪ್ಪಿಯೂ ಸಕರೂ ನಮ್ಮ ದೇಶದ ಅನೇಕ ಜಲಾಶಯಗಳಲ್ಲಿ ಹಬ್ಬಿದುದು ಹೀಗೆ ಕರುಣೆಯಿಂದ ಬಿಟ್ಟವರ ಕೈಯಿಂದಲೂ ಆಯಿತು. ಅಂಥವನ್ನು ಕೊಂಡ ಅಂಗಡಿಗೇ ಹಿಂದಿರುಗಿಸಬೇಕು, ಇಲ್ಲವೆ ತೊಟ್ಟಿಯಿರುವ ಇನ್ನೊಂದು ಮನೆಗೋ ಊರಿನ ಶಾಲೆಗೋ, ಆಹಾರದ ಡಬ್ಬಿಯನ್ನೂ ಆ ಮೀನಿನ ಸ್ವಭಾವವನ್ನು ಬರೆದ ಚೀಟಿಯನ್ನೂ ಜೊತೆಗಿಟ್ಟು ಕೊಡಬೇಕು.